ಅಜ್ಜಿ ಬಾ, ಮೇಡಂ ಬನ್ನಿ

(ಮೈಸೂರಿನಲ್ಲಿ ಹಿರಿಯ ನಾಗರಿಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಜೊತೆ ನಡೆದ ಮಾತುಕತೆಯನ್ನೂ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಯಸ್ಸಾದ ಮೇಲೆ ಜನ ನಮ್ಮನ್ನು ಏನೆಂದು ಕರೆಯುತ್ತಾರೆ ಎನ್ನುವುದರ ಬಗ್ಗೆ ನಾಲ್ಕು ಮಾತು.

ಬ್ಯಾಂಕಿನಲ್ಲಿ ದುಡಿದವಳು ನಾನು. ಹುಬ್ಬಳ್ಳಿ, ಮಂಗಳೂರು, ಬೆಂಗಳೂರು, ಕೊನೆಗೆ ಈ ಮೈಸೂರು. ಟ್ರಾನ್ಸ್‌ಫರ್ ಆದಲ್ಲೆಲ್ಲ ಕೌಂಟರಿನ ಈಚೆ ಕೂತು ಜನರನ್ನು ನೋಡಿದ್ದೇನೆ. ಹಾಗಾಗಿ ನನ್ನ ಮಾತಿನಲ್ಲಿ ಪುಸ್ತಕಕ್ಕಿಂತ ಪಾಸ್‌ಬುಕ್ ಜಾಸ್ತಿ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಅಲ್ಲಿ ಒಂದು ತಮಾಷೆ ಕಂಡಿದ್ದೇನೆ. ಅರವತ್ತು ತುಂಬಿದವರ ಠೇವಣಿಗೆ ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ. ಆ ಹೊತ್ತಿನಲ್ಲಿ ವಯಸ್ಸು ಹೇಳಿಕೊಳ್ಳಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. 'ಮೇಡಂ, ಮುಂದಿನ ತಿಂಗಳು ನಂಗೆ ಅರವತ್ತು. ಎಫ್‌ಡಿ ಈಗ್ಲೇ ಇಡ್ಲಾ, ತಡೀಲಾ?' ಎಂದು ಲೆಕ್ಕ ಹಾಕಿ ಕೇಳುತ್ತಾರೆ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚು ಸಿಗುತ್ತದೆ. ಆ 80 ಯಾವಾಗ ಬರುತ್ತದೋ ಎಂದು ಕ್ಯಾಲೆಂಡರ್ ನೋಡುವವರಿದ್ದಾರೆ. 'ಶಾಲೆಗೆ ಸೇರಿಸುವಾಗ ಮೇಷ್ಟ್ರು ಎರಡು ವರ್ಷ ಕಡಿಮೆ ಬರೆದುಬಿಟ್ಟರು, ನಿಜವಾಗಿ ನನಗೆ ಆಗಲೇ 80 ಆಗಿದೆ' ಎಂದು ವಾದ ಮಾಡಿದವರನ್ನೂ ನೋಡಿದ್ದೇನೆ. ಅದೇ ಮನುಷ್ಯರು ಬಾಗಿಲ ಹತ್ತಿರ ಯಾರೋ ಹುಡುಗ 'ತಾತ, ಸ್ವಲ್ಪ ದಾರಿ ಬಿಡಿ' ಎಂದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ.

ಅಂದರೆ ವಯಸ್ಸಾಯಿತು ಎನ್ನುವುದೇ ಬೇಸರವಲ್ಲ. ಕಾಗದದ ಮೇಲೆ ವಯಸ್ಸು ನಮಗೆ ಬೇಕು. ಸರ್ಕಾರವೂ ಅದಕ್ಕೆ ಅಂಕಿ ಇಟ್ಟಿದೆ. ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಗೆಂದು 2007ರಲ್ಲಿ ಬಂದ ಕಾಯ್ದೆಗೆ 60. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65. ಆದಾಯ ತೆರಿಗೆಯವರಿಗೆ 60ಕ್ಕೆ ಹಿರಿಯರು, 80ಕ್ಕೆ ಅತಿ ಹಿರಿಯರು. ರೈಲ್ವೆಯವರದು ಎಲ್ಲರಿಗಿಂತ ಅವಸರ. ಕೆಳಗಿನ ಬರ್ತ್ ಕೋಟಾಕ್ಕೆ ಗಂಡಸಿಗೆ 60 ಆಗಬೇಕು, ಹೆಂಗಸಿಗೆ 45 ಸಾಕು! (ಸಭೆಯಲ್ಲಿ ನಗು.) ರೈಲಿನ ಟಿಕೆಟ್ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದರು. ರಿಯಾಯಿತಿ ಹೋಯಿತು, ಹಿರಿತನ ಮಾತ್ರ ಉಳಿಯಿತು.

ಕಾಗದಕ್ಕೆ ಹೀಗೆ ನಿಯಮ ಇದೆ. ಬಾಯಿಗೆ ಇಲ್ಲ. ಬೀದಿಯಲ್ಲಿ ಯಾರೋ ಅಪರಿಚಿತರು ನಮ್ಮ ತಲೆಗೂದಲು, ನಡಿಗೆ, ಸೀರೆ ಉಟ್ಟ ರೀತಿ ನೋಡಿ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ ಮಾಡುತ್ತಾರೆ. ಅಕ್ಕನಾ, ಆಂಟಿಯಾ, ಅಮ್ಮನಾ, ಅಜ್ಜಿಯಾ? ನಾವು ಯಾವ ಮೆಟ್ಟಿಲಲ್ಲಿ ನಿಂತಿದ್ದೇವೆ ಅನ್ನೋದು ನಮಗೇ ಬೇರೆಯವರ ಬಾಯಿಂದ ಗೊತ್ತಾಗುತ್ತದೆ.

ಈ ಮೆಟ್ಟಿಲು ಹೆಂಗಸರಿಗೆ ಇರುವಷ್ಟು ಗಂಡಸರಿಗೆ ಇಲ್ಲ. 'ಸರ್' ಎಂಬುದಕ್ಕೆ ವಯಸ್ಸೇ ಇಲ್ಲ ನೋಡಿ. 25ಕ್ಕೂ ಸರ್, 85ಕ್ಕೂ ಸರ್. 'ಯಜಮಾನ್ರೇ' ಎಂದರೂ ಗೌರವವೇ. ಅಂಕಲ್ ಎನಿಸಿಕೊಂಡ ದಿನ ಸಲೂನಿಗೆ ಹೋಗಿ ಬಣ್ಣ ಹಾಕಿಸಿಕೊಂಡು ಬರುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಗಂಡಸರಿಗೆ ನಿಜವಾದ ಪೆಟ್ಟು ಬೀಳುವುದು ಬೇರೆ ದಿನ, ನಿವೃತ್ತಿಯ ಮಾರನೇ ದಿನ. ನಿನ್ನೆವರೆಗೆ 'ಸಾಹೇಬ್ರು' ಎನ್ನುತ್ತಿದ್ದ ಕಚೇರಿ ಇವತ್ತು ಹೆಸರಿನ ಹಿಂದೆ 'ಮಾಜಿ' ಸೇರಿಸುತ್ತದೆ. ಮಾಜಿ ಶಾಸಕರು, ಮಾಜಿ ಅಧ್ಯಕ್ಷರು ಎಲ್ಲ ಕೇಳಿದ್ದೇವೆ. ಮಾಜಿ ಮೇಷ್ಟ್ರು ಅಂತ ಕೇಳಿದ್ದೀರಾ? ಕಾಗದದಲ್ಲಿ ನಿವೃತ್ತ ಶಿಕ್ಷಕರು. ಬೀದಿಯಲ್ಲಿ ಸಾಯುವವರೆಗೂ ಮೇಷ್ಟ್ರೇ. ಡಾಕ್ಟರಿಗೂ ವಕೀಲರಿಗೂ ಹಾಗೇ. ಕಲಿತ ಕಸುಬಿನಿಂದ ಬಂದ ಕರೆ ಉಳಿಯುತ್ತದೆ, ಕುರ್ಚಿಯಿಂದ ಬಂದದ್ದು ಕುರ್ಚಿಯ ಜೊತೆ ಹೋಗುತ್ತದೆ.

ಹೆಂಗಸರ ಕಥೆ ಕೇಳಿ. ಮಿಸ್, ಅಕ್ಕ, ಮೇಡಂ, ಆಂಟಿ, ಅಮ್ಮ, ಅಜ್ಜಿ. ಒಂದೇ ದಿನ ಇಷ್ಟೂ ಆಗಬಹುದು. ಆಫೀಸಿನಲ್ಲಿ ಮೇಡಂ, ತರಕಾರಿ ಗಾಡಿಯ ಹತ್ತಿರ ಅಕ್ಕ, ಲಿಫ್ಟಿನಲ್ಲಿ ಆಂಟಿ. ಆಂಟಿ ಎಂದರೆ ಯಾಕೆ ಸಿಟ್ಟು ಬರುತ್ತದೆ ಎಂದು ಗಂಡಸರು ಕೇಳುತ್ತಾರೆ. ಪಕ್ಕದ ಮನೆಯ ಮಗು ಕರೆದರೆ ಯಾರಿಗೂ ಸಿಟ್ಟಿಲ್ಲ. ಮೊದಲಾದರೆ ಅತ್ತೆ ಅನ್ನಬೇಕೋ ಚಿಕ್ಕಮ್ಮ ಅನ್ನಬೇಕೋ ಎಂದು ಯೋಚಿಸಬೇಕಿತ್ತು, ಈಗ ಎಲ್ಲರಿಗೂ ಒಂದೇ ಮಾತು. ಅನುಕೂಲ ಆಯಿತು, ಅಷ್ಟೇ. ಆದರೆ ಮೂವತ್ತೈದರ ಗಂಡಸು ನಲವತ್ತರ ಹೆಂಗಸನ್ನು ಆಂಟಿ ಎಂದರೆ ಅದು ಲೆಕ್ಕದಲ್ಲಿ ಕೂರುವುದಿಲ್ಲ. ಜೊತೆಗೆ ಈ ಪದಕ್ಕೆ ನಮ್ಮ ವಾಟ್ಸಾಪ್ ಜೋಕುಗಳಲ್ಲಿ ಒಂದು ಪೋಲಿ ಅರ್ಥ ಬೇರೆ ಅಂಟಿಕೊಂಡಿದೆ. ಕರೆದವನ ಮನಸ್ಸಿನಲ್ಲಿ ಯಾವುದಿದೆ ಅಂತ ಹೇಗೆ ಗೊತ್ತಾಗಬೇಕು? ಮುಖ ಸಿಂಡರಿಸಿದರೆ 'ವಯಸ್ಸು ಒಪ್ಪಿಕೊಳ್ಳಲ್ಲ' ಅಂತ ನಮ್ಮನ್ನೇ ಆಡಿಕೊಳ್ಳುತ್ತಾರೆ.

ಡಾ. ರಾಜ್‌ಕುಮಾರ್ ಅವರನ್ನು ನೆನಪಿಸಿಕೊಳ್ಳಿ. 2006ರಲ್ಲಿ ತೀರಿಕೊಂಡಾಗ ಅವರಿಗೆ 76. ಮೊಮ್ಮಕ್ಕಳನ್ನು ಆಡಿಸಿದ್ದರು. ಆದರೂ ಇಡೀ ಕರ್ನಾಟಕಕ್ಕೆ ಅವರು ಅಣ್ಣಾವ್ರೇ. ಯಾರೂ ತಾತ ಅನ್ನಲಿಲ್ಲ, ಅನ್ನಬೇಕು ಅಂತ ಅನ್ನಿಸಲೂ ಇಲ್ಲ. ಅವರಿಗಿಂತ ಹತ್ತು ವರ್ಷ ಚಿಕ್ಕವರಾದ ಪಾರ್ವತಮ್ಮನವರನ್ನು ಚಿತ್ರರಂಗದಲ್ಲಿ ಬಹಳ ಮಂದಿ ಅಮ್ಮ ಎನ್ನುತ್ತಿದ್ದರು. ಅಣ್ಣನ ಹೆಂಡತಿ ಅತ್ತಿಗೆ ಆಗಬೇಕಲ್ವಾ? ಗಂಡ ಅಣ್ಣ, ಹೆಂಡತಿ ಅಮ್ಮ. ಇದರಲ್ಲಿ ಗೌರವಕ್ಕೆ ಏನೂ ಕೊರತೆ ಇಲ್ಲ. ಆದರೆ ನಮ್ಮ ನಾಲಿಗೆ ಹೆಂಗಸನ್ನು ಎಷ್ಟು ಬೇಗ ಒಂದು ತಲೆಮಾರು ಮೇಲಕ್ಕೆ ಹತ್ತಿಸುತ್ತದೆ ನೋಡಿ!

ಅಮ್ಮ ಎಂದರೆ ಅಜ್ಜಿ ಎಂದಷ್ಟು ಚುಚ್ಚುವುದಿಲ್ಲ. ಅದಕ್ಕೂ ಕಾರಣ ಇದೆ. ಅಪ್ಪ, ಅಮ್ಮ ಎರಡೂ ನಮ್ಮಲ್ಲಿ ಮೇಲಕ್ಕೂ ಹೋಗುತ್ತವೆ, ಕೆಳಕ್ಕೂ ಬರುತ್ತವೆ. ತಾಯಿ ಮಗನಿಗೆ 'ಊಟ ಮಾಡಪ್ಪಾ' ಎನ್ನುತ್ತಾಳೆ. ಅಜ್ಜ ಮೊಮ್ಮಗಳಿಗೆ 'ಬಾಮ್ಮ' ಎನ್ನುತ್ತಾನೆ. ಊರ ದೇವತೆಯೂ ಅಮ್ಮನೇ. ಮೂರು ವರ್ಷದ ಮಗುವಿಗೂ ಮಾರಮ್ಮನಿಗೂ ಸಲ್ಲುವ ಮಾತಿನಲ್ಲಿ ವಯಸ್ಸು ಹುಡುಕಿದರೆ ಎಲ್ಲಿ ಸಿಗಬೇಕು? ನಮ್ಮ ಹೆಸರುಗಳಲ್ಲೂ ಹಾಗೆ. ತೊಟ್ಟಿಲಲ್ಲಿರುವ ಕೂಸಿಗೆ ರಾಮಪ್ಪ, ಲಕ್ಷ್ಮಮ್ಮ, ಸಿದ್ದಣ್ಣ ಎಂದು ಹೆಸರಿಡುತ್ತಿದ್ದರು. ಸಾಲುಮರದ ತಿಮ್ಮಕ್ಕ ನೂರು ದಾಟಿದ ಮೇಲೂ ಹೆಸರಿನಲ್ಲಿ ಅಕ್ಕನೇ. ಕರೆಯುವವರು ಅಜ್ಜಿ ಎಂದರು, ಅದೂ ಅವರಿಗೆ ಒಪ್ಪಿತು. 2019ರಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ ರಾಷ್ಟ್ರಪತಿಗಳ ಹಣೆ ಮುಟ್ಟಿ ಹರಸಿ ಬಂದರಲ್ಲ, ನೆನಪಿದೆಯಾ? ಅಷ್ಟು ಶಿಷ್ಟಾಚಾರದ ಆ ಸಭೆಯಲ್ಲಿ ಬೇರೆ ಯಾರಾದರೂ ಹಾಗೆ ಕೈ ಚಾಚಿದ್ದರೆ ಗಲಿಬಿಲಿ ಆಗುತ್ತಿತ್ತು. ಅಜ್ಜಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಅಜ್ಜಿ-ಅಜ್ಜ ಎನ್ನುವುದು ಕೀಳಲ್ಲ ಎಂದು ನನಗೆ ಕಲಿಸಿದ್ದು ಉತ್ತರ ಕರ್ನಾಟಕ. ಹುಬ್ಬಳ್ಳಿಗೆ ಹೋದ ಹೊಸದರಲ್ಲಿ ಬ್ಯಾಂಕಿಗೆ ಒಂದು ಮಠದ ಖಾತೆಯ ಕೆಲಸಕ್ಕೆ ಜನ ಬಂದಿದ್ದರು. 'ಅಜ್ಜಾರು ಕಾರಿನಾಗ ಕುಂತಾರ್ರಿ, ಸಹಿ ಅಲ್ಲೇ ಮಾಡಸ್ತೀವಿ' ಎಂದರು. ಪಾಪ ತೀರಾ ವಯಸ್ಸಾದವರು ಇರಬೇಕು ಎಂದು ನಾನೇ ಫಾರಂ ಹಿಡಿದು ಹೊರಗೆ ಹೋದೆ. ಕಾರಿನಲ್ಲಿದ್ದ ಸ್ವಾಮಿಗಳಿಗೆ ಮೂವತ್ತೂ ಆಗಿರಲಿಲ್ಲ. ಅಲ್ಲಿ ಪೀಠಕ್ಕೆ ಕೂತವರು ಅಜ್ಜಾರು, ಇಲ್ಲವೇ ಅಪ್ಪಾರು. ಮೀಸೆ ನರೆತವರು ಬಂದು ಆ ಯುವಕರ ಕಾಲಿಗೆ ಬಿದ್ದು 'ಅಜ್ಜಾರ, ಆಶೀರ್ವಾದ ಮಾಡ್ರಿ' ಎನ್ನುತ್ತಾರೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಚಿಕ್ಕ ವಯಸ್ಸಿನ ಮಹಾದೇವಿಯನ್ನು ಹಿರಿಯ ಶರಣರೆಲ್ಲ ಅಕ್ಕ ಎಂದದ್ದು ಅದೇ ನಾಡಿನಲ್ಲಿ.

ಮಂಗಳೂರಿಗೆ ಬಂದರೆ ಅಲ್ಲಿ ಕೊರಗಜ್ಜ. ದಕ್ಷಿಣ ಕನ್ನಡದ ಉದ್ದಗಲಕ್ಕೂ ಅವನ ಕಟ್ಟೆಗಳಿವೆ. ಏನಾದರೂ ಕಳೆದುಹೋದರೆ ಚಕ್ಕುಲಿ, ವೀಳ್ಯ ಇಡುತ್ತೇನೆ ಎಂದು ಹರಕೆ ಹೇಳಿಕೊಳ್ಳುತ್ತಾರೆ. ಕಥೆಯಲ್ಲಿ ಅವನು ಕೊರಗ ತನಿಯ ಎಂಬ ಯುವಕ, ಏಳು ಜನ ಹೊರುವ ಹೊರೆಯನ್ನು ಒಬ್ಬನೇ ಹೊತ್ತವನು. ಮುಪ್ಪೇ ಕಾಣದ ಹುಡುಗ ಪೂಜೆಯಲ್ಲಿ ಅಜ್ಜ ಆಗಿದ್ದಾನೆ. ಇನ್ನು ದಿನದ ಮಾತಿಗೆ ಬಂದರೆ ಆ ಕಡೆಯವರಿಗೆ 'ಮಾರಾಯ್ರೆ' ಇದೆ. ಯಾವ ವಯಸ್ಸಿನವರಿಗೂ ನಡೆಯುತ್ತದೆ. ಶೆಟ್ರೆ, ಭಟ್ರೆ, ಪೈಗಳೇ ಎಂಬ ಕರೆಗೂ ವಯಸ್ಸಿಲ್ಲ. ಆದರೆ ಅದರಲ್ಲಿ ವಯಸ್ಸಿನ ಬದಲು ಜಾತಿ ಕಾಣುತ್ತದೆ. ಆ ಬಾಬ್ತಿಗೆ ಆಮೇಲೆ ಬರುತ್ತೇನೆ.

ಹಾಗಾದರೆ ಅಜ್ಜಾರು ಎಂದರೆ ಹೆಮ್ಮೆ, ಕೊರಗಜ್ಜ ಎಂದರೆ ಭಕ್ತಿ, ಬಸ್ ಸ್ಟ್ಯಾಂಡಿನಲ್ಲಿ 'ಏ ಅಜ್ಜ' ಎಂದರೆ ಮಾತ್ರ ಯಾಕೆ ನೋವು? ನನಗೆ ಇದು ಹೊಳೆದದ್ದು ನವೆಂಬರ್ ತಿಂಗಳಲ್ಲಿ. ನವೆಂಬರ್ ಎಂದರೆ ಕನ್ನಡಿಗರಿಗೆ ರಾಜ್ಯೋತ್ಸವ, ಬ್ಯಾಂಕಿನವರಿಗೆ ಲೈಫ್ ಸರ್ಟಿಫಿಕೇಟ್. ಬದುಕಿದ್ದೇನೆ ಎಂದು ಪಿಂಚಣಿದಾರರು ವರ್ಷಕ್ಕೊಮ್ಮೆ ತೋರಿಸಬೇಕು. 2014ರಲ್ಲಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಲೈಫ್ ಸರ್ಟಿಫಿಕೇಟ್ ಬಂದ ಮೇಲೆ ಬೆರಳು ಇಡುವ ಪುಟ್ಟ ಮಷೀನು ಟೇಬಲ್ಲಿಗೆ ಬಂತು.

ಒಬ್ಬರು ನಿವೃತ್ತ ಹೆಡ್ ಮಿಸ್ಟ್ರೆಸ್ ಮೊಮ್ಮಗನ ಜೊತೆ ಬಂದರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಜಿಪ್ ಇರುವ ಫೈಲು. ನಮ್ಮ ಹೊಸ ಹುಡುಗ ಕೂತಿದ್ದ. ಒಳ್ಳೆಯ ಹುಡುಗ, ಕೆಲಸದಲ್ಲಿ ಚುರುಕು. ಅವನು ಮೊಮ್ಮಗನನ್ನು ನೋಡಿ ಕೇಳಿದ: 'ಅಜ್ಜಿಗೆ ಆಧಾರ್ ಇದ್ಯಾ?'

'ನನ್ನನ್ನ ಕೇಳಪ್ಪ. ಆಧಾರ್ ನನ್ನ ಹತ್ರಾನೇ ಇದೆ' ಎಂದರು ಆಕೆ.

ಹುಡುಗ ಆಧಾರ್ ನಂಬರ್ ಒತ್ತಿಕೊಂಡ. ಹಿಂದೆ ಉದ್ದದ ಕ್ಯೂ. ಮಷೀನನ್ನು ಮುಂದೆ ತಳ್ಳಿ, 'ಅಜ್ಜಿ, ಇಲ್ಲಿ ಹೆಬ್ಬೆಟ್ಟು ಒತ್ತು' ಎಂದ.

ಸರಿ, ಆಯಿತು. ನಮ್ಮಲ್ಲಿ ಹೆಬ್ಬೆಟ್ಟು ಎಂದರೆ ಏನರ್ಥ ಎಂದು ನಿಮಗೆ ಹೇಳಬೇಕಿಲ್ಲ. 'ಹೆಬ್ಬೆಟ್ಟಾ? ನಾನಾ? ನಿನ್ನಂಥ ಎಷ್ಟು ಜನರ ಕೈ ಹಿಡಿದು ಅ ಆ ತಿದ್ದಿಸಿದ್ದೀನಿ ಗೊತ್ತಾ?' ಎಂದು ಬ್ಯಾಗಿನಿಂದ ಪೆನ್ನು ತೆಗೆದರು. ಇಡೀ ಕ್ಯೂ ತಿರುಗಿ ನೋಡಿತು. ಹುಡುಗ ಕೆಂಪಾದ. ನಾನು ಎದ್ದು ಹೋಗಿ ಇದು ಸಹಿ ಅಲ್ಲ, ಎಲ್ಲರೂ ಬೆರಳೇ ಇಡಬೇಕು, ಕಲೆಕ್ಟರ್ ಆಗಿದ್ದವರು ಬಂದರೂ ಇಷ್ಟೇ ಎಂದು ಹೇಳಿದೆ. ಇಟ್ಟರು. ಮಷೀನು ತೆಗೆದುಕೊಳ್ಳಲಿಲ್ಲ. ವಯಸ್ಸಾದ ಮೇಲೆ ಬೆರಳಿನ ಗೆರೆ ಸವೆದಿರುತ್ತದೆ. ಕರ್ಚೀಫಿನಲ್ಲಿ ಒರೆಸಿ ಮತ್ತೆ ಇಟ್ಟರು. ಇಲ್ಲ. ಆಗ ಆ ಹುಡುಗ, ಯಾರೂ ಹೇಳಿಕೊಡದೆ, 'ಟೀಚರ್, ತೋರುಬೆರಳು ಇಟ್ಟು ನೋಡಿ' ಎಂದ. ಅದು ಹಿಡಿಯಿತು. ಆಕೆ ಕನ್ನಡಕ ಸರಿ ಮಾಡಿಕೊಂಡು 'ಹಾಂ, ಹೀಗೆ ಹೇಳು' ಎಂದರು. (ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ನಿಮ್ಮಲ್ಲಿ ಬೆರಳು ಸವೆದವರಿದ್ದರೆ ಬ್ಯಾಂಕಿನಲ್ಲಿ ಕೇಳಿ.)

ಆ ದಿನ ಮನೆಗೆ ಹೋಗುತ್ತಾ ಯೋಚಿಸಿದೆ. ಆಕೆಗೆ ಕೋಪ ಬಂದದ್ದು ಅಜ್ಜಿ ಎಂದಿದ್ದಕ್ಕಾ? ಪಕ್ಕದಲ್ಲಿದ್ದ ಮೊಮ್ಮಗ ದಿನವಿಡೀ ಅಜ್ಜಿ ಎನ್ನುತ್ತಾನೆ. ಅವನೂ 'ಅಜ್ಜಿ ಬಾ' ಎಂದೇ ಕರೆಯುತ್ತಾನೆ. ಕೌಂಟರಿನ ಹುಡುಗ ಆಕೆಯನ್ನು ಬಿಟ್ಟು ಪಕ್ಕದವನ ಹತ್ತಿರ ಮಾತಾಡಿದ, ಆಮೇಲೆ 'ಒತ್ತು' ಎಂದ. ಚುಚ್ಚಿದ್ದು ಅದು.

ಇದನ್ನು ಗಮನಿಸಲು ಶುರು ಮಾಡಿದ ಮೇಲೆ ಎಲ್ಲ ಕಡೆ ಕಾಣತೊಡಗಿತು. ಐವತ್ತೈದರ ಹೆಂಗಸಿಗೆ 'ಮೇಡಂ, ಬನ್ನಿ, ಕೂತ್ಕೊಳ್ಳಿ' ಎನ್ನುವ ಜನ ಎಪ್ಪತ್ತೈದು ದಾಟಿದವರಿಗೆ 'ಅಜ್ಜಿ, ಬಾ, ಕೂತ್ಕೋ' ಎನ್ನುತ್ತಾರೆ. ಕರೆಯುವ ಪದ ಮೇಲಕ್ಕೆ ಹೋಗಿದೆ, ಕ್ರಿಯಾಪದ ಕೆಳಗೆ ಇಳಿದಿದೆ. ಆಸ್ಪತ್ರೆಗಳಲ್ಲಿ ಕೇಳಿ. 'ತಾತ, ಬಾಯಿ ತೆಗಿ.' 'ಅಜ್ಜಿ ಊಟ ಮಾಡ್ತಾ? ಮೋಷನ್ ಆಯ್ತಾ ಅದಕ್ಕೆ?' ಕೊನೆಯ ಮಾತು ಮಗಳಿಗೆ ಹೇಳಿದ್ದು, ಅಜ್ಜಿ ಅಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿದ್ದಾರೆ. 'ಅವರು' ಹೋಯಿತು, 'ಅವಳು' ಹೋಯಿತು, 'ಅದು' ಆಯಿತು. ಹೇಳಿದ ನರ್ಸಿಗೆ ಕೆಟ್ಟ ಮನಸ್ಸಿಲ್ಲ. ರಾತ್ರಿ ಮೂರು ಸಲ ಎದ್ದು ಬಂದು ನೋಡಿದವಳೂ ಅವಳೇ ಇರಬಹುದು. ಮಕ್ಕಳಿಗೆ 'ಅದು' ಎನ್ನುತ್ತೇವಲ್ಲ, ಅದೇ ಮುದ್ದಿನ ಮಾತನ್ನು ಆಕೆ ಇಲ್ಲಿ ತಂದಿದ್ದಾಳೆ. ಆದರೆ ಎಂಬತ್ತರವರಿಗೆ ಮಗುವಿನ ವ್ಯಾಕರಣ ಯಾಕೆ?

ಏಕವಚನವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೆತ್ತ ತಾಯಿಗೆ 'ನೀನು' ಎನ್ನುತ್ತೇವೆ. ಹುಬ್ಬಳ್ಳಿ ಕಡೆ 'ಯವ್ವಾ, ಬಾ ಬೇ' ಎನ್ನುತ್ತಾರೆ, ಆ 'ಬೇ'ಯಲ್ಲಿ ಎಷ್ಟು ಪ್ರೀತಿ! ಅದೇ ಊರಿನವರು ಹೊರಗಿನವರ ಜೊತೆ ಮಾತಾಡುವಾಗ ಹೌದ್ರಿ, ಇಲ್ರಿ, ಬರ್ರಿ, ಕುಂದರ್ರಿ. ಉಗಿದರೂ 'ರೀ' ಹಚ್ಚಿಯೇ ಉಗಿಯುತ್ತಾರೆ. ಮನೆಯ ಏಕವಚನವನ್ನು ಮೊಮ್ಮಗ ತೊಡೆ ಮೇಲೆ ಆಡಿ ಗಳಿಸಿದ್ದಾನೆ. ಅದನ್ನು ಯಾರೋ ದಾರಿಹೋಕ ಸುಮ್ನೆ ಎತ್ತಿಕೊಂಡು ಬಳಸಿದರೆ ನಮಗೆ ಕಸಿವಿಸಿ ಆಗುತ್ತದೆ.

ಬಸವಣ್ಣನವರ ವಚನ ನಿಮಗೆಲ್ಲ ಬಾಯಿಗೆ ಬರುತ್ತದೆ. 'ಏನಿ ಬಂದಿರಿ, ಹದುಳವಿದ್ದಿರೆ ಎಂದಡೆ ನಿಮ್ಮ ಮೈಸಿರಿ ಹಾರಿ ಹೋಹುದೆ? ಕುಳ್ಳಿರೆಂದಡೆ ನೆಲ ಕುಳಿಹೋಹುದೆ?' ಎಷ್ಟೋ ಸಲ ಕೇಳಿದ್ದೆ, ಬ್ಯಾಂಕಿನ ಆ ಪ್ರಸಂಗದ ನಂತರ ಬೇರೆ ಥರ ಕೇಳಿಸಿತು. ಅಲ್ಲಿ ಬಂದವರಿಗೆ ಅಯ್ಯ, ಅಪ್ಪ, ಅಣ್ಣ ಎಂಬ ಬಿರುದು ಯಾವುದೂ ಇಲ್ಲ. ಬಂದಿರಿ, ಇದ್ದಿರೆ, ಕುಳ್ಳಿರಿ. ಬರೀ ಕ್ರಿಯಾಪದ. ಬಂದವರು ಯಾರು, ವಯಸ್ಸೆಷ್ಟು ಎಂದು ವಚನ ಹೇಳುವುದೇ ಇಲ್ಲ.

ಇನ್ನು 'ಆಮೇಲೆ ಬರುತ್ತೇನೆ' ಎಂದ ಜಾತಿಯ ವಿಷಯ. ನಾವು ಇಲ್ಲಿ ಕೂತಿರುವ ಬಹಳ ಮಂದಿ ಮೇಲಿನಿಂದ ಕೆಳಗೆ ಇಳಿದವರು. ಮೇಡಂ ಆಗಿದ್ದೆವು, ಅಜ್ಜಿ ಆದೆವು. ಸಾಹೇಬರಾಗಿದ್ದೆವು, ತಾತ ಆದೆವು. ಮೊದಲಿನಿಂದಲೂ ಕೆಳಗೇ ಇಟ್ಟಿದ್ದವರ ಮಾತೇನು? ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತೀರಿ. ನಮ್ಮ ಬೀದಿಯ ಹತ್ತು ವರ್ಷದ ಹುಡುಗರು ಗದ್ದೆ ಕೆಲಸಕ್ಕೆ ಬರುತ್ತಿದ್ದ ಎಪ್ಪತ್ತರ ದಲಿತ ಹಿರಿಯರನ್ನು 'ಏನ್ಲಾ, ಬಾರ್ಲಾ' ಎನ್ನುತ್ತಿದ್ದರು. ಆ ಹಿರಿಯರು ಆ ಹುಡುಗರಿಗೆ 'ಬುದ್ಧಿ', 'ಅಯ್ಯ' ಎನ್ನುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾದರೂ ಅವರಿಗೆ ಒಂದು 'ರಿ' ಸಿಗಲಿಲ್ಲ. ವಯಸ್ಸಿಗೆ ಗೌರವ ಕೊಡುವುದು ನಮ್ಮ ಸಂಸ್ಕೃತಿ ಎಂದು ಭಾಷಣ ಮಾಡುವಾಗ ಇದನ್ನು ಬಿಟ್ಟುಬಿಡುತ್ತೇವೆ. ಎಲ್ಲರ ವಯಸ್ಸಿಗೂ ನಾವು ಗೌರವ ಕೊಟ್ಟಿರಲಿಲ್ಲ.

ಹೀಗೆ ಬಾಳಿದ ಒಬ್ಬರು ನಮ್ಮ ಶಾಖೆಗೆ ಪಿಂಚಣಿ ತೆಗೆದುಕೊಳ್ಳಲು ಬರುತ್ತಿದ್ದರು. ಕೌಂಟರಿಗೆ ಬರುವ ಮೊದಲು ಚಪ್ಪಲಿ ಬಿಡುತ್ತಿದ್ದರು. 'ಬನ್ನಿ, ಕೂತ್ಕೊಳ್ಳಿ' ಎಂದರೆ ನಿಂತೇ ಇರುತ್ತಿದ್ದರು. ಒಂದು ಸಲ 'ನಂಗ್ಯಾಕವ್ವ ನೀವು ಗೀವು' ಎಂದು ಮುದುಡಿಕೊಂಡರು. ನಾನು ಬಿಡಲಿಲ್ಲ. ಕೆಲವು ತಿಂಗಳಾದ ಮೇಲೆ ಕುರ್ಚಿಯಲ್ಲಿ ಕೂತರು. ಇನ್ನೂ ಕೆಲವು ತಿಂಗಳಿಗೆ, 'ಏನವ್ವ, ಈ ಸಾರಿ ದುಡ್ಡು ತಡ ಆಯ್ತಲ್ಲ, ಯಾಕೆ?' ಎಂದು ಗದರಿ ಕೇಳಿದರು. ನನಗೆ ತುಂಬಾ ಖುಷಿಯಾಯಿತು. ದುಡ್ಡು ತಡವಾಗಿದ್ದು ನಿಜ, ಕೇಳುವ ಹಕ್ಕು ಅವರದ್ದೇ. ಅವರನ್ನು ಶಾಖೆಯ ಹುಡುಗರು 'ಅಜ್ಜಾ, ಬನ್ನಿ' ಎಂದು ಕರೆದಾಗ ಅವರ ಮುಖ ಅರಳುತ್ತಿತ್ತು. ನಮಗೆ ಇಳಿತ ಎನಿಸುವ ಅದೇ ಪದ ಅವರಿಗೆ ಬಡ್ತಿ.

ಪರಿಹಾರ ಏನು ಎಂದು ಕೇಳಿದರೆ ಹೆಸರು ಹಿಡಿದು ಕರೆಯಿರಿ ಎನ್ನುವವರಿದ್ದಾರೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಹೆಸರು ಕಂಪ್ಯೂಟರಿನ ಮೇಲೇ ಇರುತ್ತದೆ. ಹೆಸರಿಗೆ 'ಅವರೇ' ಸೇರಿಸಿದರೆ ಮುಗಿಯಿತು. ನಾನು ಹಾಗೆಯೇ ಮಾಡುತ್ತಿದ್ದೆ, ಇವತ್ತಿಗೂ ಅದೇ ಸರಿ ಎನ್ನುತ್ತೇನೆ. ಆದರೆ ಅದು ಅಷ್ಟು ಸಲೀಸಲ್ಲ. ಹಿರಿಯರ ಹೆಸರು ಹೇಳಬಾರದು ಎಂದು ಬೆಳೆದವರು ನಾವು. ಗಂಡನ ಹೆಸರಂತೂ ಬಾಯಿಗೇ ಬರುತ್ತಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ಮದುವೆಯಲ್ಲಿ 'ಒಡಪು ಹೇಳು' ಎಂದು ಕಾಡಿಸುತ್ತಾರೆ. ಪ್ರಾಸದ ಸಾಲಿನ ನಡುವೆ ಗಂಡನ ಹೆಸರನ್ನು ಅಡಗಿಸಿ ಹೇಳಬೇಕು. ನಾಮಿನಿ ಫಾರಂ ತುಂಬುವಾಗ ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿರುವ ಮಗನ ಕಡೆ ತಿರುಗಿ 'ನೀ ಹೇಳೋ' ಎಂದ ತಾಯಂದಿರು ಎಷ್ಟೋ ಮಂದಿ.

ಗಂಡನ ಹೆಸರು ಹೋಗಲಿ, ತಮ್ಮ ಹೆಸರೇ ಕೇಳಿ ಅವರಿಗೆ ವರ್ಷಗಳಾಗಿರುತ್ತವೆ. ಮದುವೆಯಾದ ಮೇಲೆ ಗಂಡನಿಗೆ 'ಇವಳೇ', ಊರಿಗೆ ಇಂಥವನ ತಾಯಿ, ಆಮೇಲೆ ಎಲ್ಲರಿಗೂ ಅಜ್ಜಿ. ಒಮ್ಮೆ ನಾನು ಒಬ್ಬರ ಹೆಸರು ಹಿಡಿದು ಮೂರು ಸಲ ಕೂಗಿದೆ. ಎದುರಿನ ಬೆಂಚಿನಲ್ಲೇ ಕೂತಿದ್ದ ಅವರು ತಿರುಗಲಿಲ್ಲ. ಕಿವಿ ಕೇಳಿಸುತ್ತಿತ್ತು. ಮೊಮ್ಮಗಳು 'ಅಜ್ಜಿ, ನಿನ್ನನ್ನೇ' ಎಂದು ತಿವಿದಾಗ 'ಅಯ್ಯೋ, ನನ್ನನ್ನಾ!' ಎಂದು ಸೆರಗು ಸರಿ ಮಾಡಿಕೊಂಡು ಎದ್ದರು.

ನನ್ನ ಮಾತು ಇಷ್ಟು. ಸಭಿಕರು ಕೇಳಿದ್ದರಲ್ಲಿ ಎರಡು ಮಾತು ಹೇಳುತ್ತೇನೆ.

ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿಬಂದ ಒಬ್ಬರು ಅಲ್ಲಿ ಪಕ್ಕದ ಮನೆಯ ಹುಡುಗ ತಮ್ಮನ್ನು ಬರೀ ಹೆಸರಿನಿಂದ ಕರೆದದ್ದನ್ನು ನೆನಪಿಸಿಕೊಂಡರು. 'ಮೊದಲ ದಿನ ರೇಗಿತು. ಆಮೇಲೆ ಮಜಾ ಅನ್ನಿಸ್ತು. ನಮ್ಮ ತಂದೆ ಹೋದ ಮೇಲೆ ನನ್ನನ್ನ ಹಾಗೆ ಹೆಸರು ಹಿಡಿದು ಕರೆಯೋರೇ ಇರ್ಲಿಲ್ಲ' ಎಂದರು. ಆದರೆ ಅಲ್ಲಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಅವರು ಮತ್ತೆ ಅಂಕಲ್ ಆದರಂತೆ.

ಇನ್ನೊಬ್ಬರು, ಹಿಂದಿನ ಸಾಲಿನವರು, ತುಸು ಹಿಂಜರಿಯುತ್ತಲೇ ಎದ್ದರು. 'ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿಗೆ ಬರೋರು ನನಗಿಂತ ದೊಡ್ಡವರು. ಅವರು ನನಗೆ ಸಾರ್ ಅಂತಾರೆ, ನಾನು ಅವರಿಗೆ ಬಾರಯ್ಯ ಅಂತೀನಿ. ಇಷ್ಟು ವರ್ಷ ಹೀಗೇ ನಡೆದಿದೆ. ಈಗ ಇದ್ದಕ್ಕಿದ್ದ ಹಾಗೆ ಬನ್ನಿ ಅಂದ್ರೆ ಅವರಿಗೆ ಮುಜುಗರ ಆಗಲ್ವಾ?'

ಮೊದಮೊದಲು ಆಗಬಹುದು, ನಮ್ಮ ಶಾಖೆಯ ಅಜ್ಜನಿಗೂ ಆಗಿತ್ತು ಎಂದೆ. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಹೆಂಗಸು ತಿರುಗಿ, 'ಅವರಿಗಲ್ಲ ಸಾರ್, ಮುಜುಗರ ನಿಮಗೆ' ಎಂದರು. ಎಲ್ಲರೂ ನಕ್ಕರು, ಕೇಳಿದವರೂ ನಕ್ಕರು. ಗೇಟಿನವರ ಹೆಸರೇನು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. 'ವೋಚರಿನಲ್ಲಿ ಇರುತ್ತೆ, ಇವತ್ತು ಹೋಗಿ ನೋಡ್ತೀನಿ' ಎಂದರು. ಆ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ ಅವರೇ ಅಂತೆ, ತಿಂಗಳು ತಿಂಗಳು ಸಂಬಳ ಬರೆಯುವವರೂ ಅವರೇ.